ಹೊಸ ಹಾಡುಗಳೆಲ್ಲ ಪೂಜೆಗೆ ಸಲ್ಲದವೇ?

ಪ್ರಶ್ನೆ: ನಾನು ಬೆಂಗಳೂರಿನವಳು. ಮದುವೆಯಾದ ಮೇಲೆ ಚಿಕಾಗೋ ಹತ್ತಿರದ ಉಪನಗರವೊಂದರಲ್ಲಿ ನೆಲೆಸಿದ್ದೇನೆ. ಇಲ್ಲಿನ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಗಾನವೃಂದದಲ್ಲಿ ಬಹಳ ವರ್ಷಗಳಿಂದ ಹಾಡುತ್ತಿದ್ದೇನೆ. ‘ಹಿಯರ್ ಐ ಆ್ಯಮ್, ಲಾರ್ಡ್’, ‘ಆನ್ ಈಗಲ್ಸ್ ವಿಂಗ್ಸ್’, ‘ಬಿ ನಾಟ್ ಅಫ್ರೇಡ್’ ಮುಂತಾದವನ್ನು ಬೆಂಗಳೂರಿನ ಇಂಗ್ಲಿಷ್ ಬಲಿಪೂಜೆಯಲ್ಲಿ (ಮಾಸ್) ಚಿಕ್ಕಂದಿನಿಂದ ಹಾಡಿದ್ದೆ. ಅವೇ ಹಾಡುಗಳು ಇಲ್ಲೂ ಸಿಕ್ಕಿದ್ದರಿಂದ ಪರಸ್ಥಳವೆನಿಸಿರಲಿಲ್ಲ. ಈಗ ಹೊಸ ಗುರುಗಳು ಬಂದಿದ್ದಾರೆ. ‘ಇವು ಪೂಜೆಗೆ ಹೇಳಿದ ಸಂಗೀತವಲ್ಲ, ನಿಧಾನವಾಗಿ ಗ್ರೆಗೋರಿಯನ್ ಗಾನದ, ಅಂದರೆ ಹಳೆಯ ಲ್ಯಾಟಿನ್ ಏಕಧ್ವನಿ ಗಾನದ ಕಡೆಗೆ ಹೋಗೋಣ’ ಎನ್ನುತ್ತಾರೆ. ನಮ್ಮ ಗುಂಪು ಎರಡು ಹೋಳಾಗಿದೆ. ವ್ಯಾಟಿಕನ್ ಮಹಾಸಭೆ ಲ್ಯಾಟಿನ್ನನ್ನೇ ರದ್ದು ಮಾಡಿತಲ್ಲ ಎಂದು ಒಬ್ಬರು, ಗಿಟಾರೇ ನಿಷಿದ್ಧ ಎಂದು ಇನ್ನೊಬ್ಬರು, ಈ ಹಾಡು ಕಟ್ಟಿದವರಲ್ಲಿ ಕೆಲವರು ಕಥೋಲಿಕರೇ ಅಲ್ಲ ಎಂದು ಮತ್ತೊಬ್ಬರು ವಾದಿಸುತ್ತಿದ್ದಾರೆ. ಗಿಟಾರ್ ನುಡಿಸುವವರು ಬಿಟ್ಟುಹೋಗುವ ಮಾತಾಡುತ್ತಿದ್ದಾರೆ. ಇಷ್ಟರ ನಡುವೆ ಗಾನವೃಂದದ ಮುಂದಾಳತ್ವ ವಹಿಸಿಕೊಳ್ಳಲು ನನ್ನನ್ನು ಕೇಳಿದ್ದಾರೆ. ನಾವು ಇಷ್ಟು ವರ್ಷ ಹಾಡಿದ್ದು ತಪ್ಪೇ? ನಾನು ಈ ಹೊಣೆ ಹೊರಬೇಕೇ? ಹಾಡಿನ ಪುಟಗಳನ್ನು ಜೆರಾಕ್ಸ್ ಮಾಡಿ ಹಂಚುತ್ತೇವೆ, ಅದು ಸರಿಯೇ? ಯಾವಾಗಲಾದರೂ ಒಂದು ಕನ್ನಡ ಹಾಡು ಹಾಡಿಸಬಹುದೇ?

ಉತ್ತರ:

ಪ್ರಿಯ ಸಹೋದರಿ,

ನೀವು ಇಷ್ಟು ವರ್ಷ ಹಾಡಿದ್ದು ತಪ್ಪಲ್ಲ. ಹಾಗೆಂದು ನಿಮ್ಮ ಹೊಸ ಗುರುಗಳ ಮಾತು ಬುಡವಿಲ್ಲದ್ದೂ ಅಲ್ಲ. ಗಾನವೃಂದಗಳಿಗೆ ತರಬೇತಿ ಕೊಡುವ ನನ್ನ ಕೆಲಸದಲ್ಲಿ ಕಂಡ ಜಗಳಗಳಲ್ಲಿ ಬಹುಪಾಲು, ಈ ಎರಡರಲ್ಲಿ ಒಂದನ್ನೇ ಹಿಡಿದುಕೊಂಡು ಇನ್ನೊಂದನ್ನು ಕೇಳಿಸಿಕೊಳ್ಳದವರ ಜಗಳಗಳೇ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಸಂಕಟ ಒಂದೇ ಎಂದು ನನಗೆ ತೋರುತ್ತದೆ. ಚಿಕ್ಕಂದಿನಿಂದ ಪ್ರಾರ್ಥನೆಯೆಂದು ನಂಬಿ ಹಾಡಿದ್ದನ್ನು ಯಾರೋ ಬಂದು ‘ಅದು ಪೂಜೆಗೆ ತಕ್ಕುದಲ್ಲ’ ಎಂದಾಗ, ಹಾಡಿನ ಜೊತೆ ಆ ಪ್ರಾರ್ಥನೆಯನ್ನೂ ತಳ್ಳಿಹಾಕಿದಂತೆ ನೋವಾಗುತ್ತದೆ. ಆ ನೋವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಿಮ್ಮ ಗುಂಪಿನಲ್ಲಿ ಓಡಾಡುತ್ತಿರುವ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಪೊಳ್ಳು ಎಂದು ನೋಡೋಣ.

ಲ್ಯಾಟಿನ್ನನ್ನು ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ 1960ರ ದಶಕದಲ್ಲಿ ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ ಸಭೆ, ರದ್ದು ಮಾಡಲಿಲ್ಲ. ಆರಾಧನಾ ವಿಧಿಯನ್ನು ಕುರಿತ ಅದರ ಸಂವಿಧಾನ ಹೊರಬಂದದ್ದು 1963ರ ಡಿಸೆಂಬರ್ 4ರಂದು. ಲ್ಯಾಟಿನ್ ಬಳಕೆ ಉಳಿಯಬೇಕು ಎಂದು 36ನೆಯ ವಿಧಿ ಹೇಳುತ್ತದೆ. ಪೂಜೆಯಲ್ಲಿ ತಮಗೆ ಸಲ್ಲುವ ಭಾಗಗಳನ್ನು ಜನರು ಲ್ಯಾಟಿನ್ನಿನಲ್ಲೂ ಹೇಳಲು ಅಥವಾ ಹಾಡಲು ಕಲಿಯಬೇಕು ಎಂದು 54ನೆಯ ವಿಧಿ ಹೇಳುತ್ತದೆ. ರೋಮನ್ ಆರಾಧನಾ ವಿಧಿಯಲ್ಲಿ ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಎಂದು 116ನೆಯದು ಹೇಳುತ್ತದೆ, ಆದರೆ ‘ಇತರ ಸಂಗತಿಗಳು ಸಮನಾಗಿದ್ದರೆ’ ಎಂಬ ಷರತ್ತಿನೊಂದಿಗೆ. ಒಂದು ಪಕ್ಷ ಈ ವಿಧಿಯ ಮೊದಲರ್ಧವನ್ನು ಮಾತ್ರ ಓದುತ್ತದೆ, ಇನ್ನೊಂದು ಪಕ್ಷ ಷರತ್ತನ್ನು ಮಾತ್ರ ಓದುತ್ತದೆ. ಜನರೆಲ್ಲ ಕಲಿಯಬಹುದಾದ ಸರಳ ಲ್ಯಾಟಿನ್ ಗಾನಗಳ ಚಿಕ್ಕ ಪುಸ್ತಕವೊಂದನ್ನು ಪೋಪ್ ಆರನೇ ಪಾಲ್ 1974ರಲ್ಲಿ ಜಗತ್ತಿನ ಧರ್ಮಾಧ್ಯಕ್ಷರಿಗೆಲ್ಲ ಕಳುಹಿಸಿದ್ದರು. ಅದರ ಹೆಸರು ‘ಯೂಬಿಲಾತೆ ದೇಯೊ’. ಬಹುಪಾಲು ಧರ್ಮಕೇಂದ್ರಗಳಲ್ಲಿ ಅದನ್ನು ಯಾರೂ ತೆರೆದೇ ನೋಡಲಿಲ್ಲ.

ಗಿಟಾರ್ ವಿಷಯ. ‘ನಿಷಿದ್ಧ’ ಎನ್ನುವವರು ಸಾಮಾನ್ಯವಾಗಿ ನೆನೆಯುವುದು ಪೋಪ್ ಹತ್ತನೇ ಪಯಸ್ 1903ರ ನವೆಂಬರ್ 22ರಂದು ಹೊರಡಿಸಿದ ಆಜ್ಞೆಯನ್ನು. ಅದರಲ್ಲಿ ಪಿಯಾನೋವನ್ನು ಚರ್ಚಿನಿಂದ ಹೊರಗಿಡಲಾಗಿದೆ, ನಿಜ. ಅದೇ ಆಜ್ಞೆಯಲ್ಲಿ ಹೆಂಗಸರು ಗಾನವೃಂದಕ್ಕೆ ಸೇರುವಂತಿಲ್ಲ ಎಂದೂ ಇದೆ. ಮೊದಲನೆಯದನ್ನು ಇಂದಿಗೂ ಜಾರಿಯಲ್ಲಿರುವ ಕಾನೂನು ಎನ್ನುವವರು ಎರಡನೆಯದನ್ನೂ ಹಾಗೆಯೇ ಎನ್ನಬೇಕಾಗುತ್ತದೆ. ಆಗ ನಿಮ್ಮ ಗಾನವೃಂದದಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂದು ಕೇಳಿ ನೋಡಿ. ಹೆಂಗಸರ ಮೇಲಿನ ನಿರ್ಬಂಧವನ್ನು ಹನ್ನೆರಡನೇ ಪಯಸ್ 1955ರಲ್ಲೇ ಸಡಿಲಿಸಿದರು. ಇಂದು ಲೆಕ್ಕಕ್ಕೆ ಬರುವುದು ಮಹಾಸಭೆಯ 120ನೆಯ ವಿಧಿ: ಪೈಪ್ ಆರ್ಗನ್‌ಗೆ ವಿಶೇಷ ಗೌರವ, ಪೂಜೆಗೆ ಒಗ್ಗುವ ಇತರ ವಾದ್ಯಗಳಿಗೆ ಆಯಾ ನಾಡಿನ ಧರ್ಮಾಧಿಕಾರಿಗಳ ಒಪ್ಪಿಗೆಯೊಂದಿಗೆ ಅವಕಾಶ. ಅಂದಹಾಗೆ, ಎಂಥ ಸಂಪ್ರದಾಯವಾದಿಯೂ ಕ್ರಿಸ್ಮಸ್ ರಾತ್ರಿ ಕಣ್ಣು ಮುಚ್ಚಿ ಹಾಡುವ ‘ಸೈಲೆಂಟ್ ನೈಟ್’ 1818ರಲ್ಲಿ ಆಸ್ಟ್ರಿಯಾದ ಒಬರ್ನ್‌ಡೋರ್ಫ್‌ನ ಚರ್ಚಿನಲ್ಲಿ ಮೊದಲ ಸಲ ಕೇಳಿಬಂದದ್ದು ಗಿಟಾರಿನ ಜೊತೆಗೇ.

ಹಾಡು ಕಟ್ಟಿದವರು ಕಥೋಲಿಕರೇ ಆಗಿರಬೇಕೆಂಬ ನಿಯಮ ಎಲ್ಲೂ ಇಲ್ಲ. ನೀವೂ ಹಾಡುತ್ತಿರಬಹುದಾದ ‘ಮಾಸ್ ಆಫ್ ಕ್ರಿಯೇಷನ್’ (1984) ರಚಿಸಿದ ಮಾರ್ಟಿ ಹಾಗನ್ ಲೂಥರನ್ ಮನೆತನದಲ್ಲಿ ಬೆಳೆದವರು, ಈಗಲೂ ಕಥೋಲಿಕರಲ್ಲ. ಅಮೆರಿಕದ ಕಥೋಲಿಕ ಚರ್ಚುಗಳಲ್ಲಿ ಅತಿ ಹೆಚ್ಚು ಹಾಡಿದ ಪೂಜಾ ಸಂಗೀತಗಳಲ್ಲಿ ಅದು ಒಂದು. ಧರ್ಮಸಭೆ ನೋಡುವುದು ಸಾಹಿತ್ಯ ಏನು ಹೇಳುತ್ತದೆ ಎಂಬುದನ್ನು. ಅಮೆರಿಕದ ಧರ್ಮಾಧ್ಯಕ್ಷರ ಸಮ್ಮೇಳನದ ಸಿದ್ಧಾಂತ ಸಮಿತಿ 2020ರಲ್ಲಿ ಹಾಡುಗಳ ಸಾಹಿತ್ಯವನ್ನು ತೂಗಿ ನೋಡಲು ಒಂದು ಮಾರ್ಗದರ್ಶಿ ಹೊರತಂದಿತು. ಪರಮಪ್ರಸಾದವನ್ನು (ಕ್ರಿಸ್ತನ ಶರೀರ, ರಕ್ತವೆಂದು ಕಥೋಲಿಕರು ನಂಬುವುದನ್ನು) ಬರಿಯ ರೊಟ್ಟಿ, ದ್ರಾಕ್ಷಾರಸ ಎಂಬಂತೆ ಹಾಡುವ ಸಾಲುಗಳು ಅದರ ಮುಖ್ಯ ಆಕ್ಷೇಪಗಳಲ್ಲಿ ಒಂದು. ಆ ಆಕ್ಷೇಪಕ್ಕೆ ಒಳಗಾದ ಹಾಡುಗಳಲ್ಲಿ ಕಥೋಲಿಕರು ಬರೆದವೂ ಇವೆ. ರಚನಕಾರರ ವಿಷಯದಲ್ಲಿ ಇನ್ನೊಂದು ಮಾತನ್ನು ಮುಚ್ಚಿಡಬಾರದು. ಅದೇ ವರ್ಷ ಬಹಳ ಪ್ರಸಿದ್ಧ ರಚನಕಾರರೊಬ್ಬರ ಮೇಲೆ ಹಲವು ಮಹಿಳೆಯರು ಲೈಂಗಿಕ ದುರ್ನಡತೆಯ ಆರೋಪ ಮಾಡಿದರು. ಪ್ರಕಾಶಕರು ಸಂಬಂಧ ಕಡಿದುಕೊಂಡರು, ಹಲವು ಧರ್ಮಕ್ಷೇತ್ರಗಳು (ಧರ್ಮಾಧ್ಯಕ್ಷರ ಆಡಳಿತ ಪ್ರಾಂತಗಳು) ಅವರ ಹಾಡುಗಳನ್ನು ನಿಲ್ಲಿಸಿದವು. ಹೊಣೆ ಹೊತ್ತರೆ ನಿಮ್ಮ ಧರ್ಮಕ್ಷೇತ್ರದ ನಿಲುವೇನೆಂದು ಮೊದಲು ವಿಚಾರಿಸಿಕೊಳ್ಳಿ.

ಇನ್ನು ನಿಮ್ಮದೇ ಪಕ್ಷದವರ ಒಂದು ಪೊಳ್ಳು ಮಾತು. ‘ಜನಪದ ಧಾಟಿಯ ಹಾಡು, ಗಿಟಾರ್ ಎಲ್ಲವನ್ನೂ ಮಹಾಸಭೆಯೇ ತಂದಿತು’ ಎನ್ನುವುದು. ಮಹಾಸಭೆಯ ಸಂವಿಧಾನದಲ್ಲಿ ಗಿಟಾರ್ ಎಂಬ ಹೆಸರೇ ಇಲ್ಲ. ಅವೆಲ್ಲ ಬಂದದ್ದು ಒಂದು ಅವಸರದಿಂದ. ಆ ಅವಸರದ ಕಥೆ ತಿಳಿಯದೆ ಇವತ್ತಿನ ಜಗಳ ಅರ್ಥವಾಗುವುದಿಲ್ಲ.

ಮಹಾಸಭೆಗಿಂತ ಮೊದಲು ಸಾಮಾನ್ಯ ಭಾನುವಾರದ ಪೂಜೆಯಲ್ಲಿ ಗುರುಗಳು ಲ್ಯಾಟಿನ್ನಿನಲ್ಲಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದರೆ ಜನ ಜಪಸರ ಎಣಿಸುತ್ತಿದ್ದರು. ಅಂಥ ಪೂಜೆಯ ಜೊತೆ ಜನಭಾಷೆಯ ಭಕ್ತಿಗೀತೆ ಹಾಡಲು 1958ರ ಸೆಪ್ಟೆಂಬರ್‌ನ ರೋಮ್ ಸೂಚನೆ ಒಪ್ಪಿತು. ಪ್ರವೇಶಕ್ಕೆ ಒಂದು, ಕಾಣಿಕೆಗೆ ಒಂದು, ಪರಮಪ್ರಸಾದಕ್ಕೆ ಒಂದು, ಕೊನೆಗೆ ಒಂದು ಎಂದು ನಾಲ್ಕು ಹಾಡಿನ ವಾಡಿಕೆ ಬೇರೂರಿತು. ಪೂಜೆ ತನ್ನ ಪಾಡಿಗೆ ನಡೆಯುತ್ತಿತ್ತು, ಹಾಡು ಅದರ ಮೇಲೆ ಹೊದಿಸಿದ ಬಟ್ಟೆಯಂತಿತ್ತು. 1964ರ ನವೆಂಬರ್ 29ರಂದು, ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳ) ಮೊದಲ ಭಾನುವಾರ, ಅಮೆರಿಕದ ಚರ್ಚುಗಳಿಗೆ ಇಂಗ್ಲಿಷ್ ಬಂತು. ಅಷ್ಟರಲ್ಲಿ ಆ ಇಂಗ್ಲಿಷಿಗೆ ತಕ್ಕ ಸಂಗೀತ ಹೆಚ್ಚುಕಡಿಮೆ ಇರಲೇ ಇಲ್ಲ. ಶತಮಾನಗಳ ಲ್ಯಾಟಿನ್ ಭಂಡಾರ ಒಂದು ಕಡೆ, ಖಾಲಿ ಕಪಾಟು ಇನ್ನೊಂದು ಕಡೆ.

ಕಪಾಟು ತುಂಬಿಸಿದವರು ತರುಣರು. ಸಿನ್ಸಿನಾಟಿಯ ಕಪ್ಪು ಗುರು ಕ್ಲಾರೆನ್ಸ್ ರಿವರ್ಸ್ ಅವರ ‘ಗಾಡ್ ಈಸ್ ಲವ್’ ಹಾಡನ್ನು ಅದೇ ವರ್ಷ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್‌ನ ಇಂಗ್ಲಿಷ್ ಪೂಜೆಯಲ್ಲಿ ಹಾಡಲಾಯಿತು. ಆಫ್ರಿಕನ್ ಅಮೆರಿಕನ್ನರ ಆಧ್ಯಾತ್ಮಿಕ ಗೀತೆಗಳ ದನಿಯನ್ನೂ ಗ್ರೆಗೋರಿಯನ್ ಧಾಟಿಯನ್ನೂ ಅವರು ಒಟ್ಟಿಗೆ ಬೆಸೆದಿದ್ದರು. ಆ ದಾರಿಯಲ್ಲಿ ಇನ್ನಷ್ಟು ಜನ ನಡೆದಿದ್ದರೆ ನಿಮ್ಮ ಗಾನವೃಂದದ ಜಗಳ ಬಹುಶಃ ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಅನಿಸುತ್ತದೆ. 1966ರಲ್ಲಿ ರೇ ರೆಪ್ ಅವರ ‘ಮಾಸ್ ಫಾರ್ ಯಂಗ್ ಅಮೆರಿಕನ್ಸ್’ ಬಂತು. ಗಿಟಾರ್ ಚರ್ಚಿನೊಳಗೆ ನಡೆದುಬಂದದ್ದು ಮುಖ್ಯವಾಗಿ ಆ ಬಾಗಿಲಿನಿಂದ. 1970ರ ದಶಕದಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಯೇಸುಸಭೆಯ (ಜೆಸ್ವಿಟ್) ತರುಣರು ತಮ್ಮ ಪೂಜೆಗಾಗಿ ಹಾಡು ಕಟ್ಟತೊಡಗಿದರು: ಬಾಬ್ ಡಫರ್ಡ್, ಜಾನ್ ಫೋಲಿ, ಟಿಮ್ ಮ್ಯಾನಿಯನ್, ರಾಕ್ ಓಕಾನರ್, ಡ್ಯಾನ್ ಶೂಟಿ. ನಿಮ್ಮ ‘ಬಿ ನಾಟ್ ಅಫ್ರೇಡ್’ ಡಫರ್ಡ್ ಅವರದು. ‘ಒನ್ ಬ್ರೆಡ್, ಒನ್ ಬಾಡಿ’ ಫೋಲಿಯವರದು. ಈ ಹುಡುಗರ ದೊಡ್ಡ ಕೆಲಸವೆಂದರೆ ಭಾವಗೀತೆಯನ್ನು ಬಿಟ್ಟು ಬೈಬಲ್ಲನ್ನೇ ಹಾಡಾಗಿಸಿದ್ದು. ಅವರ ಹಿಂದಿನ ಎಷ್ಟೋ ‘ಜನಪದ ಪೂಜೆ’ಯ ಹಾಡುಗಳಲ್ಲಿ ದೇವರು ಎಲ್ಲಿದ್ದಾನೆಂದು ಹುಡುಕಬೇಕಿತ್ತು. ಇವರದರಲ್ಲಿ ಯೆಶಾಯ, ಯೆರೆಮೀಯ ಪ್ರವಾದಿಗಳ ಮಾತು, ಕೀರ್ತನೆಗಳು (ಬೈಬಲ್ಲಿನ ಸ್ತುತಿಗೀತೆಗಳು) ಸಾಲುಸಾಲಾಗಿ ಬರುತ್ತವೆ.

ನಿಮ್ಮ ಎರಡು ಹಾಡುಗಳನ್ನು ಹತ್ತಿರದಿಂದ ನೋಡೋಣ.

‘ಹಿಯರ್ ಐ ಆ್ಯಮ್, ಲಾರ್ಡ್’ ಹಾಡನ್ನು ಡ್ಯಾನ್ ಶೂಟಿ 1979ರಲ್ಲಿ ಕಟ್ಟಿದರು, ಗೆಳೆಯರ ಡೀಕನ್ (ಗುರುಪದವಿಗೆ ಮುಂಚಿನ ಪದವಿ) ಅಭಿಷೇಕದ ಪೂಜೆಗಾಗಿ, ಕೆಲವೇ ದಿನಗಳ ಗಡುವಿನಲ್ಲಿ. ಚರಣಗಳಲ್ಲಿ ದೇವರು ಮಾತಾಡುತ್ತಾರೆ, ಪಲ್ಲವಿಯಲ್ಲಿ ನಾವು ಉತ್ತರಿಸುತ್ತೇವೆ. ಯೆಶಾಯನ ಆರನೆಯ ಅಧ್ಯಾಯದ ಕರೆಯೂ ಬಾಲಕ ಸಮುವೇಲನಿಗೆ ರಾತ್ರಿ ಕೇಳಿಸಿದ ಕರೆಯೂ ಅದರಲ್ಲಿ ಸೇರಿವೆ. ಜನರು ದೇವರ ಮಾತನ್ನು ‘ನಾನು’ ಎಂದು ಹಾಡುವುದು ಸರಿಯಲ್ಲ ಎನ್ನುವ ಟೀಕೆ ಇದರ ಮೇಲೆ ಬಹಳ ಕಾಲದಿಂದ ಇದೆ. ನನಗೆ ಅದು ತೆಳು ಟೀಕೆಯೆನಿಸುತ್ತದೆ. 91ನೆಯ ಕೀರ್ತನೆಯ ಕೊನೆಯ ಭಾಗ ದೇವರ ಮಾತೇ. ಧರ್ಮಸಭೆ ಅದನ್ನು ಎಂದಿನಿಂದಲೋ ಹಾಡುತ್ತಿದೆ. ತೊಂದರೆ ಇರುವುದು ಬೇರೆ ಕಡೆ. ಇದು ಕರೆಯನ್ನು ಕುರಿತ ಹಾಡು. ಇದನ್ನು ತಿಂಗಳಿಗೊಮ್ಮೆ, ಕಾಣಿಕೆಯ ಹೊತ್ತಿಗೆ, ಆ ದಿನದ ಬೈಬಲ್ ವಾಚನಗಳಿಗೆ ಸಂಬಂಧವೇ ಇಲ್ಲದಂತೆ ಹಾಡುವುದು ಹಾಡಿಗೂ ಅನ್ಯಾಯ, ದಿನಕ್ಕೂ ಅನ್ಯಾಯ. ಸಾಮಾನ್ಯ ಕಾಲದ ಎರಡನೆಯ ಭಾನುವಾರ, ‘ಬಿ’ ವರ್ಷದಲ್ಲಿ (ಭಾನುವಾರದ ವಾಚನಗಳು ಎ, ಬಿ, ಸಿ ಎಂಬ ಮೂರು ವರ್ಷಗಳ ಸರದಿಯಲ್ಲಿ ಬರುತ್ತವೆ), ಮೊದಲ ವಾಚನ ಸಮುವೇಲನ ಕರೆಯೇ. ಐದನೆಯ ಭಾನುವಾರ, ‘ಸಿ’ ವರ್ಷದಲ್ಲಿ, ಯೆಶಾಯನ ಆರನೆಯ ಅಧ್ಯಾಯ. ಆ ದಿನಗಳಿಗೆ ಮೀಸಲಿಟ್ಟು ಹಾಡಿಸಿ ನೋಡಿ. ಆಗ ನಿಮ್ಮ ಗುರುಗಳು ಬೇಡವೆನ್ನುವುದು ಸುಲಭವಲ್ಲ.

‘ಆನ್ ಈಗಲ್ಸ್ ವಿಂಗ್ಸ್’ ಮೈಕಲ್ ಜಾನ್ಕಸ್ ಅವರದು. ಗೆಳೆಯನೊಬ್ಬನ ತಂದೆ ತೀರಿಕೊಂಡಾಗ ಹುಟ್ಟಿದ ಹಾಡು, 1979ರಲ್ಲಿ ಪ್ರಕಟವಾಯಿತು. ಆಧಾರ ಅದೇ 91ನೆಯ ಕೀರ್ತನೆ. ಇದರ ಚರಣಗಳು ಒಬ್ಬ ನುರಿತ ಗಾಯಕನಿಗಾಗಿ ಬರೆದವು, ಪಲ್ಲವಿ ಜನರಿಗೆ. ನಾವು ಮಾಡುವುದೇನು? ಎಲ್ಲವನ್ನೂ ಎಲ್ಲರಿಂದ ಹಾಡಿಸುತ್ತೇವೆ. ಚರಣದ ತಿರುವುಗಳಲ್ಲಿ ಜನ ತಡವರಿಸಿ, ಬಾಯಿ ಮುಚ್ಚಿ, ಪಲ್ಲವಿ ಬಂದಾಗ ಮತ್ತೆ ತೆರೆಯುತ್ತಾರೆ. ಆಮೇಲೆ ‘ಹಾಡು ಕಷ್ಟ’ ಎನ್ನುತ್ತೇವೆ. ಇನ್ನೊಂದು ಮಾತು: ತಪಸ್ಸು ಕಾಲದ (ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ) ಮೊದಲ ಭಾನುವಾರ, ‘ಸಿ’ ವರ್ಷದಲ್ಲಿ, 91ನೆಯದೇ ಆ ದಿನದ ಕೀರ್ತನೆ. ಹಾಗಾದರೆ ವಾಚನಗಳ ನಡುವೆ ಇದನ್ನೇ ಹಾಡಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಹಾಡಬಾರದು. ಕೀರ್ತನೆಯ ಜಾಗದಲ್ಲಿ ಬೇರೆ ಹಾಡು ಅಥವಾ ಭಕ್ತಿಗೀತೆ ಸಲ್ಲದು ಎಂದು ಪೂಜಾಗ್ರಂಥದ ಸಾಮಾನ್ಯ ನಿರ್ದೇಶ ನೇರವಾಗಿಯೇ ಹೇಳುತ್ತದೆ. ವಾಚನಗಳ ನಡುವೆ ಕೀರ್ತನೆಯನ್ನು ಅದರ ಪಠ್ಯದಲ್ಲೇ ಹಾಡಿ, ಪರಮಪ್ರಸಾದದ ಹೊತ್ತಿಗೆ ಜಾನ್ಕಸ್ ಅವರ ಹಾಡನ್ನು ಹಾಡಿ. ಕೇಳಿದ ಕೀರ್ತನೆ ಮತ್ತೊಮ್ಮೆ ಬೇರೆ ದನಿಯಲ್ಲಿ ಬಂದಾಗ ಜನರಿಗೆ ಅದು ತಾನಾಗಿ ತಟ್ಟುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಂದ ಶುರುವಾಗುತ್ತದೆ. ನಿಮ್ಮವರು ಜಗಳವಾಡುತ್ತಿರುವುದು ಪ್ರವೇಶ ಗೀತೆ, ಕಾಣಿಕೆ ಗೀತೆ, ಕೊನೆಯ ಗೀತೆಗಳ ಬಗ್ಗೆ. ಪೂಜೆಯಲ್ಲಿ ಹಾಡಲೇಬೇಕಾದವುಗಳ ಸಾಲಿನಲ್ಲಿ ಇವು ತೀರ ಹಿಂದೆ ನಿಂತವು. 1967ರ ಮಾರ್ಚ್ 5ರ ‘ಮೂಸಿಕಾಂ ಸಾಕ್ರಾಂ’ ಎಂಬ ರೋಮ್ ಸೂಚನೆ ಇದಕ್ಕೊಂದು ಕ್ರಮ ಹೇಳಿದೆ. ಮೊದಲು ಗುರುಗಳಿಗೂ ಜನರಿಗೂ ನಡುವಿನ ಸಂವಾದಗಳು: ‘ಪ್ರಭು ನಿಮ್ಮೊಂದಿಗಿರಲಿ’ ಎಂಬಂಥ ಮಾತು ಮತ್ತು ಅದಕ್ಕೆ ಜನರ ಉತ್ತರ, ಶುಭಸಂದೇಶದ ಘೋಷಣೆಗಳು, ‘ಪವಿತ್ರ, ಪವಿತ್ರ, ಪವಿತ್ರ’, ಪ್ರಭು ಕಲಿಸಿದ ಪ್ರಾರ್ಥನೆ. ಆಮೇಲೆ ‘ಪ್ರಭುವೇ, ದಯೆತೋರಿ’, ಮಹಿಮಾ ಗೀತೆ, ‘ದೇವರ ಕುರಿಮರಿ’ ಇತ್ಯಾದಿ. ಮೂರನೆಯ ಸಾಲಿನಲ್ಲಿ ಪ್ರವೇಶ, ಪರಮಪ್ರಸಾದ ಮುಂತಾದವುಗಳ ಗೀತೆಗಳು. ಮೊದಲನೆಯದನ್ನು ಬಿಟ್ಟು ಮೂರನೆಯದನ್ನು ಹಾಡಬಾರದು ಎನ್ನುವುದು ಆ ಸೂಚನೆಯ ಒಟ್ಟು ಅಭಿಪ್ರಾಯ. ನಮ್ಮಲ್ಲಿ ಆಗಿರುವುದು ಸರಿಯಾಗಿ ಇದರ ತಿರುಗುಮುರುಗು. ಸಂವಾದಗಳನ್ನು ಓದುತ್ತೇವೆ, ಕೀರ್ತನೆಯನ್ನೂ ಓದಿಬಿಡುತ್ತೇವೆ, ನಾಲ್ಕು ಭಕ್ತಿಗೀತೆಗಳನ್ನು ಮಾತ್ರ ಗಟ್ಟಿಯಾಗಿ ಹಾಡುತ್ತೇವೆ. 1958ರ ವಾಡಿಕೆ ಭಾಷೆ ಬದಲಿಸಿಕೊಂಡು ಉಳಿದುಬಂದಿದೆ, ಅಷ್ಟೆ. ಈ ಅರ್ಥದಲ್ಲಿ ನಿಮ್ಮ ಗುರುಗಳ ದೂರು ನ್ಯಾಯವಾದದ್ದು. ಆದರೆ ಆ ನಾಲ್ಕು ಇಂಗ್ಲಿಷ್ ಗೀತೆಗಳನ್ನು ತೆಗೆದು ನಾಲ್ಕು ಲ್ಯಾಟಿನ್ ಗೀತೆ ಇಟ್ಟರೆ ಆ ದೂರು ಪರಿಹಾರವಾಗುವುದಿಲ್ಲ.

ಚರ್ಚಿನೊಳಗೆ ಲೌಕಿಕ ಸಂಗೀತ ನುಗ್ಗಿತು ಎಂಬ ಗೋಳು ಹೊಸದಲ್ಲ ಎಂಬುದನ್ನೂ ನಿಮ್ಮ ಗುಂಪಿಗೆ ತಿಳಿಸಿ. ಹದಿನಾಲ್ಕನೆಯ ಶತಮಾನದಲ್ಲೇ ಪೋಪ್ ಇಪ್ಪತ್ತೆರಡನೇ ಜಾನ್ ಆಗಿನ ಹೊಸ ಬಹುಧ್ವನಿ ಗಾನದ ಮೇಲೆ ಸಿಡಿಮಿಡಿಗೊಂಡಿದ್ದರು. 1749ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ನಾಟಕಶಾಲೆಯ ಧಾಟಿಯನ್ನು ಬೈದರು. ಅಂದು ಬೈಸಿಕೊಂಡ ಬಹುಧ್ವನಿ ಗಾನವೇ ಇಂದು ಸಂಪ್ರದಾಯದ ಹೆಮ್ಮೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಗುರುಗಳ ಮಾತನ್ನು ತಡೆದು, ಇದ್ದದ್ದನ್ನು ಇದ್ದಂತೆ ಉಳಿಸಿಕೊಳ್ಳುವುದು ಒಂದು. ಸಹಿ ಸಂಗ್ರಹ, ಧರ್ಮಾಧ್ಯಕ್ಷರಿಗೆ ದೂರು ಇತ್ಯಾದಿಗಳೆಲ್ಲ ಈ ದಾರಿಯಲ್ಲಿ ಬರುತ್ತವೆ. ಕೆಲವು ತಿಂಗಳು ಗೆದ್ದಂತೆ ಕಾಣಬಹುದು. ಆಮೇಲೆ ಗುರುಗಳು ಮತ್ತು ಗಾನವೃಂದ ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿ ಬರುತ್ತದೆ, ಮಕ್ಕಳು ಗಾನವೃಂದಕ್ಕೆ ಬರುವುದು ನಿಲ್ಲುತ್ತದೆ. ಈ ದಾರಿ ಹಿಡಿದವರು ಸುಖಪಟ್ಟದ್ದನ್ನು ನಾನು ಕಂಡಿಲ್ಲ.

ಒಂದೇ ಏಟಿಗೆ ಎಲ್ಲ ಬದಲಿಸುವುದು ಇನ್ನೊಂದು. ಮುಂದಿನ ಭಾನುವಾರದಿಂದ ಹಳೆಯ ಹಾಡಿನ ಪುಸ್ತಕಗಳು ಮಾಯ, ಮಹಡಿಯ ಮೇಲೆ ನಾಲ್ವರು ನಿಂತು ಲ್ಯಾಟಿನ್ ಹಾಡುತ್ತಾರೆ, ಕೆಳಗೆ ಜನ ಸುಮ್ಮನೆ ಕೂತಿರುತ್ತಾರೆ. ಹಾಡುಗಾರಿಕೆ ಚೆನ್ನಾಗಿಯೇ ಇರಬಹುದು. ಆದರೆ ದಶಕಗಳ ಕಾಲ ಹಾಡಿದ ಜನರ ಬಾಯಿ ಮುಚ್ಚಿಸುವುದು ಮಹಾಸಭೆಯ ಆಶಯವೂ ಅಲ್ಲ, 1903ರ ಆಜ್ಞೆಯ ಆಶಯವೂ ಅಲ್ಲ. ಗ್ರೆಗೋರಿಯನ್ ಗಾನವನ್ನು ಮತ್ತೆ ಜನರ ಬಾಯಿಗೆ ತರಬೇಕೆಂಬುದೇ ಹತ್ತನೇ ಪಯಸ್ ಅವರ ಬಯಕೆಯಾಗಿತ್ತು. ಒಮ್ಮೆ ಮೌನವಾದ ಸಭೆಯನ್ನು ಮತ್ತೆ ಹಾಡಿಸುವುದು ವರ್ಷಗಳ ಕೆಲಸ.

ನಾನು ಸೂಚಿಸುವ ದಾರಿ: ಜಗಳವಿರುವ ಗೀತೆಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಯಾರಿಗೂ ತಕರಾರಿಲ್ಲದ ಭಾಗಗಳಿಂದ ಶುರುಮಾಡಿ. ಗುರುಗಳ ಬಳಿ ಹೋಗಿ, ‘ಫಾದರ್, ನೀವು ಸಂವಾದಗಳನ್ನು ಹಾಡಿದರೆ ನಾವು ಜನರಿಂದ ಉತ್ತರ ಹಾಡಿಸುತ್ತೇವೆ’ ಎನ್ನಿ. 2011ರಲ್ಲಿ ಬಂದ ಇಂಗ್ಲಿಷ್ ಪೂಜಾಗ್ರಂಥದಲ್ಲಿ ಇವಕ್ಕೆಲ್ಲ ಸ್ವರ ಹಾಕಿ ಅಚ್ಚು ಮಾಡಿದ್ದಾರೆ. ಅಂತರಜಾಲದಿಂದ ಉಚಿತವಾಗಿಯೂ ಪಡೆಯಬಹುದು. ಅದರಲ್ಲಿರುವ ‘ಹೋಲಿ, ಹೋಲಿ’ ಗ್ರೆಗೋರಿಯನ್ ಪೂಜಾ ಗಾನಗಳ ಸಾಲಿನಲ್ಲಿ ಹದಿನೆಂಟನೆಯ ಸಂಖ್ಯೆಯದರ ರಾಗವೇ. ಕೆಲವೇ ಸ್ವರಗಳ ಅಂತರದಲ್ಲಿ ಓಡಾಡುತ್ತದೆ, ವಾದ್ಯವೇ ಬೇಡ, ಎರಡು ಭಾನುವಾರಗಳಲ್ಲಿ ಜನರ ಬಾಯಿಗೆ ಬರುತ್ತದೆ. ತಪಸ್ಸು ಕಾಲದಲ್ಲಿ ಮಾತ್ರ ಇದನ್ನು ಬಳಸಿ, ಪಾಸ್ಖದ (ಈಸ್ಟರ್) ಹೊತ್ತಿಗೆ ನಿಮ್ಮ ‘ಮಾಸ್ ಆಫ್ ಕ್ರಿಯೇಷನ್’ಗೆ ಮರಳಿ. ಕಾಲಕ್ಕೊಂದು ಸಂಗೀತ ಎಂದಾಗ ಯಾರಿಗೂ ಸೋತೆನೆಂಬ ಭಾವ ಬರುವುದಿಲ್ಲ.

ಎರಡನೆಯ ಹೆಜ್ಜೆ ಕೀರ್ತನೆ. ಇಲ್ಲಿ ನೆನೆಯಬೇಕಾದವರು ಫ್ರಾನ್ಸಿನ ಯೇಸುಸಭೆಯ ಗುರು ಜೋಸೆಫ್ ಜೆಲಿನೊ (1920–2008). ಇಂದಿನ ಪೂಜಾ ಸಂಗೀತದಲ್ಲಿ ಅತಿ ದೊಡ್ಡ ಕೆಲಸ ಮಾಡಿದವರು ಯಾರೆಂದು ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ, ಅಮೆರಿಕದವರ ಹೆಸರನ್ನಲ್ಲ. ಮಹಾಸಭೆಗಿಂತ ಮೊದಲೇ, 1950ರ ದಶಕದಲ್ಲಿ, ಹೀಬ್ರೂ ಕೀರ್ತನೆಗಳ ಲಯವನ್ನು ಫ್ರೆಂಚಿನಲ್ಲಿ ಉಳಿಸಿಕೊಂಡು, ಚರಣವನ್ನು ಒಬ್ಬರು ಹಾಡಿ ಪಲ್ಲವಿಯನ್ನು ಎಲ್ಲರೂ ಹಾಡುವ ಕ್ರಮವನ್ನು ಅವರು ಮತ್ತೆ ಬಳಕೆಗೆ ತಂದರು. ಅವರ ರಾಗಗಳಿಗೆ ಹೊಂದುವಂತೆಯೇ ಕೀರ್ತನೆಗಳ ‘ಗ್ರೇಲ್’ ಎಂಬ ಇಂಗ್ಲಿಷ್ ಅನುವಾದ ಸಿದ್ಧವಾಯಿತು. ಜೆಲಿನೊ ಹಳಬರಿಗೂ ಹೊಸಬರಿಗೂ ಒಪ್ಪಿಗೆಯಾಗುತ್ತಾರೆ. ನಿಮ್ಮಲ್ಲಿ ಕೀರ್ತನೆ ಹಾಡಲು ಒಳ್ಳೆಯ ದನಿಗಿಂತ ಸ್ಪಷ್ಟ ಉಚ್ಚಾರಣೆ ಇರುವವರನ್ನು ಹುಡುಕಿ. ಪಲ್ಲವಿಯನ್ನು ವಾದ್ಯ ನಿಲ್ಲಿಸಿ ಒಮ್ಮೆ ಹಾಡಿಸಿ, ನೀವು ಮಾತ್ರ ಚರ್ಚಿನ ಕೊನೆಯ ಸಾಲುಗಳ ಬಳಿ ನಿಂತು ಕೇಳಿ. ಅಲ್ಲಿ ದನಿ ಕೇಳಿಸದಿದ್ದರೆ ಶ್ರುತಿ ಇಳಿಸಿ. ತಾರಕದಲ್ಲಿ ಬೆಳಗ್ಗೆ ಎಂಟು ಗಂಟೆಗೆ ಯಾರೂ ಹಾಡುವುದಿಲ್ಲ.

ಮೂರನೆಯದಾಗಿ, ಪರ್ವ ದಿನಗಳಲ್ಲಿ ಒಂದಿಷ್ಟು ಲ್ಯಾಟಿನ್. ಇದಕ್ಕೆ ತೇಜೆಯ ಹಾಡುಗಳು ಒಳ್ಳೆಯ ಸೇತುವೆ. ಫ್ರಾನ್ಸಿನ ತೇಜೆಯಲ್ಲಿ ಬ್ರದರ್ ರೋಜೆ ಕಟ್ಟಿದ ಸರ್ವಪಂಥಗಳ ಸಮುದಾಯಕ್ಕೆ ನಾನಾ ದೇಶಗಳ ತರುಣರು ಬರತೊಡಗಿದಾಗ, ಯಾರದೂ ಅಲ್ಲದ ಭಾಷೆಯಾದ್ದರಿಂದಲೇ ಲ್ಯಾಟಿನ್ ಎಲ್ಲರದೂ ಆಯಿತು. ಪ್ಯಾರಿಸ್ಸಿನ ಕಥೋಲಿಕ ಆರ್ಗನ್ ವಾದಕ ಜಾಕ್ ಬೆರ್ತಿಯೆ (1923–1994) ಒಂದೆರಡು ಸಾಲನ್ನು ಮತ್ತೆಮತ್ತೆ ಹಾಡುವಂಥ ರಚನೆಗಳನ್ನು ಮಾಡಿಕೊಟ್ಟರು. ಗಿಟಾರ್ ಇವಕ್ಕೆ ಸೊಗಸಾಗಿ ಹೊಂದುತ್ತದೆ. ಬಿಟ್ಟುಹೋಗುತ್ತೇವೆ ಎನ್ನುತ್ತಿರುವ ನಿಮ್ಮ ಗಿಟಾರಿನವರಿಗೆ ಈ ಕೆಲಸ ಕೊಡಿ. ಬರಿಯ ತಾಳ ಬಡಿಯುವುದನ್ನು ಬಿಟ್ಟು ತಂತಿ ಮೀಟುವುದನ್ನು ಅವರು ಕಲಿಯಬೇಕಾದೀತು, ಅದು ಅವರಿಗೂ ಒಳ್ಳೆಯದು.

ಇಷ್ಟಾದ ಮೇಲೆ, ಬಹುಶಃ ಎರಡನೆಯ ವರ್ಷ, ಪ್ರವೇಶಕ್ಕೂ ಪರಮಪ್ರಸಾದಕ್ಕೂ ಆ ದಿನಕ್ಕೆ ಗೊತ್ತುಪಡಿಸಿದ ಆಂಟಿಫನ್‌ಗಳನ್ನು (ಕೀರ್ತನೆಯ ಜೊತೆ ಹಾಡುವ ಚಿಕ್ಕ ಸಾಲುಗಳನ್ನು) ಇಂಗ್ಲಿಷಿನಲ್ಲೇ ಹಾಡಿ. ಆಡಮ್ ಬಾರ್ಟ್ಲೆಟ್ 2011ರಲ್ಲಿ ಹೊರತಂದ ‘ಸಿಂಪಲ್ ಇಂಗ್ಲಿಷ್ ಪ್ರಾಪರ್ಸ್’ ಉಚಿತವಾಗಿ ಸಿಗುತ್ತದೆ. ಪರಮಪ್ರಸಾದದ ಸಾಲು ಉದ್ದವಿರುತ್ತದೆ. ಮೊದಲು ಆಂಟಿಫನ್, ಆಮೇಲೆ ಜನರಿಗೆ ಬರುವ ಹಾಡು. ಎರಡಕ್ಕೂ ಜಾಗವಿದೆ. ಪ್ರವೇಶಕ್ಕೆ ಆಂಟಿಫನ್ ಅಲ್ಲದೆ ಅನುಮತಿ ಪಡೆದ ಬೇರೆ ಸೂಕ್ತ ಗೀತೆಯನ್ನೂ ಅಮೆರಿಕದ ನಿಯಮ ಒಪ್ಪುತ್ತದೆ. ಅದು ಪಟ್ಟಿಯಲ್ಲಿ ಕೊನೆಯ ಆಯ್ಕೆ ನಿಜ, ಆದರೆ ಆಯ್ಕೆಯೇ.

ಈ ದಾರಿಗೂ ಅಪಾಯವಿದೆ. ಗುರುಗಳು ಹಾಡಲು ಒಪ್ಪದಿದ್ದರೆ ಮೊದಲ ಹೆಜ್ಜೆಯೇ ಬೀಳುತ್ತದೆ. ಹೊಸ ಸಂಗೀತ ಬಯಸುವ ಎಷ್ಟೋ ಗುರುಗಳು ತಾವು ಮಾತ್ರ ಒಂದು ಸ್ವರವನ್ನೂ ಎತ್ತುವುದಿಲ್ಲ. ಅವಸರದ ಗುರುಗಳಿಗೆ ಎರಡು ವರ್ಷ ಬಹಳ ಎನಿಸಬಹುದು, ನಿಮ್ಮ ಹಳಬರಿಗೆ ಇದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಯವಾಗಿ ತಮ್ಮನ್ನು ಹೊರಹಾಕುವ ಉಪಾಯ ಎನಿಸಬಹುದು. ಯಾವ ಕಾಲಕ್ಕೆ ಏನು ಎಂಬುದನ್ನು ಮೊದಲೇ ಬರೆದು ಎಲ್ಲರಿಗೂ ಹಂಚಿಬಿಡಿ.

ಹಂಚುವ ಮಾತು ಬಂತು, ಜೆರಾಕ್ಸ್ ವಿಷಯ ಹೇಳಿಬಿಡುತ್ತೇನೆ. ಪೂಜೆಯಲ್ಲಿ ಧಾರ್ಮಿಕ ಹಾಡನ್ನು ಹಾಡುವುದಕ್ಕೆ ಅಮೆರಿಕದ ಕೃತಿಸ್ವಾಮ್ಯ ಕಾನೂನಿನಲ್ಲಿ ವಿನಾಯಿತಿ ಇದೆ. ಪುಟವನ್ನು ನಕಲು ಮಾಡಿ ಹಂಚುವುದಕ್ಕಾಗಲೀ, ಪರದೆಯ ಮೇಲೆ ತೋರಿಸಲು ಸಾಹಿತ್ಯದ ಪ್ರತಿ ಮಾಡಿಕೊಳ್ಳುವುದಕ್ಕಾಗಲೀ, ಪೂಜೆಯನ್ನು ನೇರಪ್ರಸಾರ ಮಾಡುವುದಕ್ಕಾಗಲೀ ಆ ವಿನಾಯಿತಿ ಇಲ್ಲ. ನಿಮ್ಮ ಚಿಕಾಗೋ ಊರೇ ಇದಕ್ಕೆ ಸಾಕ್ಷಿ. ರೇ ರೆಪ್ ಅವರ ಹಾಡುಗಳನ್ನು ಪ್ರಕಟಿಸುತ್ತಿದ್ದ ಎಫ್.ಇ.ಎಲ್. ಸಂಸ್ಥೆ, ತನ್ನ ಹಾಡುಗಳನ್ನು ಧರ್ಮಕೇಂದ್ರಗಳು ಬೇಕಾಬಿಟ್ಟಿ ನಕಲು ಮಾಡುತ್ತಿವೆ ಎಂದು 1976ರಲ್ಲಿ ಅಲ್ಲಿನ ಮಹಾಧರ್ಮಕ್ಷೇತ್ರದ ಮೇಲೆ ಮೊಕದ್ದಮೆ ಹೂಡಿತು. 1984ರಲ್ಲಿ ಜ್ಯೂರಿ ಸುಮಾರು 32 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಮೇಲ್ಮನವಿಯಲ್ಲಿ ಅದರ ದೊಡ್ಡ ಪಾಲು ನಿಲ್ಲಲಿಲ್ಲ, ಆದರೆ ಅಮೆರಿಕದ ಧರ್ಮಕೇಂದ್ರಗಳು ಪಾಠ ಕಲಿತವು. ಇಂದು ‘ಒನ್ ಲೈಸೆನ್ಸ್’ನಂಥ ವಾರ್ಷಿಕ ಪರವಾನಗಿಯಲ್ಲಿ ದೊಡ್ಡ ಪ್ರಕಾಶಕರ ಹೆಚ್ಚಿನ ಹಾಡುಗಳು ಸೇರುತ್ತವೆ. ನಿಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಅದು ಇದೆಯೇ, ನೇರಪ್ರಸಾರವೂ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಇಲ್ಲದಿದ್ದರೆ ನಕಲು ಹಂಚುವುದನ್ನು ಇವತ್ತೇ ನಿಲ್ಲಿಸಿ. ಹಾಡು ಕಟ್ಟಿದವರಲ್ಲಿ ಎಷ್ಟೋ ಜನರ ಜೀವನ ಆ ಹಣದಿಂದಲೇ ನಡೆಯುತ್ತದೆ. ಹಳೆಯ ಪುಟಗಳನ್ನು ಬಿಸಾಡುವಾಗ ಇನ್ನೊಂದನ್ನೂ ಗಮನಿಸಿ: ದೇವರ ಪವಿತ್ರ ನಾಮವನ್ನು ‘ಯಾಹ್ವೆ’ ಎಂದು ಪೂಜೆಯ ಹಾಡುಗಳಲ್ಲಿ ಉಚ್ಚರಿಸಬಾರದೆಂದು ರೋಮ್ 2008ರಲ್ಲಿ ತಿಳಿಸಿದೆ. ಡ್ಯಾನ್ ಶೂಟಿಯವರ ‘ಯು ಆರ್ ನಿಯರ್’ ಹಾಡಿನ ಹಳೆಯ ಪ್ರತಿ ನಿಮ್ಮ ಕಡತದಲ್ಲಿದ್ದರೆ ತಿದ್ದಿದ ಪ್ರತಿ ತರಿಸಿಕೊಳ್ಳಿ.

ಕನ್ನಡ ಹಾಡು ಹಾಡಿಸಬಹುದು, ಗುರುಗಳ ಒಪ್ಪಿಗೆಯಿಂದ. ಜನರೆಲ್ಲ ಸೇರಿ ಹಾಡಬೇಕಾದ ಕಡೆ ಬೇಡ; ಪರಮಪ್ರಸಾದವಾದ ಮೇಲಿನ ಮೌನದ ನಂತರ, ಅರ್ಥವನ್ನು ಇಂಗ್ಲಿಷಿನಲ್ಲಿ ಅಚ್ಚು ಮಾಡಿ ಕೊಟ್ಟು ಹಾಡಿ. ಸಾಹಿತ್ಯವನ್ನು ಮೊದಲೇ ಅನುವಾದಿಸಿ ಗುರುಗಳಿಗೆ ತೋರಿಸಿ, ಅವರಿಗೂ ನೆಮ್ಮದಿ. ಇದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಜನಾಂಗಗಳ ಸ್ವಂತ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕು ಎಂದು ಮಹಾಸಭೆಯ 119ನೆಯ ವಿಧಿ ಹೇಳುತ್ತದೆ. 1967ರಲ್ಲಿ ಡಿ. ಎಸ್. ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಕಟ್ಟಿದ ಬೈಬಲ್, ಧರ್ಮಬೋಧೆ ಮತ್ತು ಆರಾಧನಾ ವಿಧಿಗಳ ರಾಷ್ಟ್ರೀಯ ಕೇಂದ್ರದಲ್ಲಿ ಭಜನೆಯ ಧಾಟಿ ಪೂಜೆಯೊಳಗೆ ಬಂದದ್ದು ಆ ಹುಮ್ಮಸ್ಸಿನಲ್ಲೇ. ಒಬ್ಬರು ಎತ್ತಿಕೊಡುವುದು, ಎಲ್ಲರೂ ಹಿಡಿದುಕೊಳ್ಳುವುದು: ಭಜನೆಯ ಈ ಕ್ರಮವೂ ಜೆಲಿನೊ ಅವರ ಕೀರ್ತನೆಯ ಕ್ರಮವೂ ಬಹಳ ಹತ್ತಿರ. ನೀವು ಭಜನೆ ಕೇಳುತ್ತ ಬೆಳೆದವರಾಗಿದ್ದರೆ, ಕೀರ್ತನೆಯ ಪಲ್ಲವಿಯನ್ನು ಜನರ ಬಾಯಿಗೆ ಕೊಡುವ ಕಲೆ ನಿಮ್ಮ ಗುಂಪಿನಲ್ಲಿ ಬೇರೆ ಯಾರಿಗಿಂತಲೂ ನಿಮಗೆ ಚೆನ್ನಾಗಿ ಬರುತ್ತದೆ. ಕನ್ನಡ ಹಾಡಿಗಿಂತ ಮೊದಲು ಆ ಕೆಲಸಕ್ಕೆ ನಿಲ್ಲಿ.

ಕೊನೆಗೆ, ಹೊಣೆ ಹೊರಬೇಕೇ ಎಂಬ ಪ್ರಶ್ನೆ. ಹೊರಿ, ಆದರೆ ಒಪ್ಪುವ ಮೊದಲು ಗುರುಗಳ ಜೊತೆ ಕೂತು ಮಾತಾಡಿ. ಸಂವಾದಗಳನ್ನು ತಾವು ಹಾಡುವಿರಾ ಎಂದು ಕೇಳಿ. ಒಂದು ಇಡೀ ವರ್ಷ, ಆಗಮನ ಕಾಲದಿಂದ ಆಗಮನ ಕಾಲದವರೆಗೆ, ಗೀತೆಗಳ ಆಯ್ಕೆಯನ್ನು ನಿಮ್ಮ ಕೈಗೆ ಬಿಡುವರೇ ಎಂದು ಕೇಳಿ. ಪ್ರತಿ ಕಾಲಕ್ಕೆ ಮುಂಚೆ ಇಬ್ಬರೂ ವಾಚನಗಳನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡೋಣ ಎನ್ನಿ. ಮೂರಕ್ಕೂ ಹೂಂ ಎಂದರೆ ಧೈರ್ಯವಾಗಿ ಒಪ್ಪಿಕೊಳ್ಳಿ. ಮೊದಲನೆಯದಕ್ಕೆ ಇಲ್ಲ ಎಂದರೆ, ಗಾನವೃಂದದಲ್ಲಿ ಹಾಡುತ್ತಿರಿ, ಮುಂದಾಳತ್ವವನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಡಿ.